ಅಕ್ಷರ ಕಲಸಿದ ಆಟ

ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸು. ಪಕ್ಕದಲ್ಲಿ ಅಕ್ಕನ ಮಗಳು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಜೋಡಿಸಿ ಜೋಡಿಸಿ ಬೇಜಾರಾಗಿ, "ಮಾಮ, ಕನ್ನಡದಲ್ಲಿ ಕೊಡು" ಅಂದಳು. ಟಿಕೆಟ್ ಹಿಂದೆ ಬರೆದುಕೊಟ್ಟೆ: ಗ, ರು, ಕ್ಕ, ಮ, ಳೂ, ಚಿ.

ಆರು ಅಕ್ಷರವನ್ನು 720 ಥರ ಜೋಡಿಸಬಹುದು. ಹುಡುಗಿ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಕನ್ನಡದ ಪದ 'ಕ್ಕ'ದಿಂದ ಶುರುವಾಗುವುದಿಲ್ಲ, 'ಳ'ದಿಂದಲೂ ಇಲ್ಲ. 'ಳೂ' ಪಕ್ಕ 'ರು' ಇಟ್ಟು, "ಯಾವುದೋ ಊರು!" ಅಂದಳು. ಆಮೇಲೆ ಎಷ್ಟು ಹೊತ್ತು, ಅಲ್ವಾ?

ನಮ್ಮಲ್ಲಿ ಸ್ವರ ವ್ಯಂಜನದ ಜೊತೆಗೇ ಅಂಟಿಕೊಂಡಿರುತ್ತದೆ. ಪತ್ರಿಕೆಯ ಪದಬಂಧದಲ್ಲೂ ಹಾಗೇ, ಕೊಂಬು, ಒತ್ತು ಎಲ್ಲ ಸೇರಿ ಒಂದೇ ಮನೆ. ಅದನ್ನೂ ಬಿಡಿಸಿ ಚ್, ಇ, ಕ್, ಕ್, ಅ ಅಂತ ಹೋದರೆ ಇದೇ ಊರಿಗೆ 13 ತುಂಡು. ಅಷ್ಟು ಚೂರು ಮಾಡಿದರೆ ಆಟದ ಮಜಾನೇ ಹೋಗುತ್ತದೆ ಅನ್ನೋದು ನನ್ನ ಅಭಿಪ್ರಾಯ.

ನನಗೆ ಜಾಸ್ತಿ ಖುಷಿ ಕೊಡೋದು ಎರಡೇ ಅಕ್ಷರದವು. ದಿನ ತಿರುಗಿಸಿದರೆ ನದಿ. ದಾಸ ತಿರುಗಿಸಿದರೆ ಸದಾ. ಪದ ಸಿಕ್ಕರೆ ಸಾಲದು, ಅರ್ಥವನ್ನೂ ಹೇಳಬೇಕು ಅಂತ ನಿಯಮ ಹಾಕಿದೆ. ವನದಿಂದ ನವ ತೆಗೆದಳು. "ಹೊಸದಾ, ಒಂಬತ್ತಾ?" ಅಂದೆ. "ಎರಡೂ. ಎರಡು ಮಾರ್ಕ್ಸ್ ಕೊಡು!"

ಹಿಂದಿನ ಸೀಟಿನ ಯಜಮಾನರು ಬಗ್ಗಿ, "ನಂಗೂ ಒಂದು ಕೊಡಮ್ಮ" ಅಂದರು. ಸಕಲೇಶಪುರ ಕಲಸಿ ಕೊಟ್ಟಳು. ಬೇಲೂರು ಬಸ್‌ ಸ್ಟ್ಯಾಂಡ್ ಬಂದರೂ ಅವರು ಬಿಡಿಸ್ತಾನೇ ಇದ್ದರು.

ನಿಮಗೂ ಒಂದು: ಬೀ, ಡು, ಹ, ಳೇ. ಹಾಸನದವರು ಸ್ವಲ್ಪ ಸುಮ್ನಿರಿ.