ಲುಸಿಟಾನಿಯಾ ಮುಳುಗಿದ್ದಕ್ಕೇ ಅಮೆರಿಕ ಯುದ್ಧಕ್ಕಿಳಿಯಿತೇ?

ಇತಿಹಾಸ ಪಾಠ ಮಾಡುವ ನನಗೆ ಪ್ರತಿ ವರ್ಷವೂ ಎದುರಾಗುವ ಪ್ರಶ್ನೆಯಿದು: ಜರ್ಮನ್ನರು ಲುಸಿಟಾನಿಯಾ ಹಡಗನ್ನು ಮುಳುಗಿಸಿದ್ದರಿಂದಲೇ ಅಲ್ಲವೇ ತಟಸ್ಥವಾಗಿದ್ದ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದದ್ದು? ಅಲ್ಲ ಎಂದೇ ನಾನು ಹೇಳುತ್ತೇನೆ. ಐರ್ಲೆಂಡ್ ತೀರದ ಬಳಿ ಆ ಹಡಗು ಮುಳುಗಿದ್ದು 1915ರ ಮೇ 7ರಂದು. ಅಮೆರಿಕ ಯುದ್ಧ ಘೋಷಿಸಿದ್ದು 1917ರ ಏಪ್ರಿಲ್ 6ರಂದು. ನಡುವಿನ 23 ತಿಂಗಳುಗಳಿಗೆ ಲೆಕ್ಕ ಕೊಡದ ಉತ್ತರ ಉತ್ತರವೇ ಅಲ್ಲ.

ಲುಸಿಟಾನಿಯಾ ಬ್ರಿಟನ್ನಿನ ಹಡಗು. ಸತ್ತ ಸುಮಾರು 1,200 ಜನರಲ್ಲಿ 128 ಮಂದಿ ಅಮೆರಿಕನ್ನರಾಗಿದ್ದರು. ಜನರ ಆಕ್ರೋಶ ಎಷ್ಟೇ ಇದ್ದರೂ ಅಧ್ಯಕ್ಷ ವುಡ್ರೋ ವಿಲ್ಸನ್ ಪ್ರತಿಭಟನೆಯ ಪತ್ರಗಳನ್ನು ದಾಟಿ ಮುಂದೆ ಹೋಗಲಿಲ್ಲ. ಮರುವರ್ಷ ಸಸೆಕ್ಸ್ ಎಂಬ ಹಡಗಿನ ಮೇಲೆ ದಾಳಿಯಾದಾಗ ಅವರು ರಾಜತಾಂತ್ರಿಕ ಸಂಬಂಧ ಕಡಿದುಕೊಳ್ಳುವುದಾಗಿ ಎಚ್ಚರಿಸಿದ ಮೇಲೆ, ಮುನ್ಸೂಚನೆಯಿಲ್ಲದೆ ವ್ಯಾಪಾರಿ ಹಡಗುಗಳನ್ನು ಮುಳುಗಿಸುವುದಿಲ್ಲವೆಂದು ಜರ್ಮನಿ ಮಾತು ಕೊಟ್ಟಿತು. ಆ ನವೆಂಬರಿನಲ್ಲಿ ವಿಲ್ಸನ್ ಮರಳಿ ಆಯ್ಕೆಯಾದದ್ದೂ ದೇಶವನ್ನು ಯುದ್ಧದಿಂದ ದೂರವಿಟ್ಟವರೆಂಬ ಪ್ರಚಾರದೊಂದಿಗೇ. ಹಾಗೆಂದು ಆ ತಟಸ್ಥತೆ ಸಮತೂಕದ್ದಾಗಿತ್ತೆಂದು ನಾನು ಹೇಳಲಾರೆ: ಸಮುದ್ರಕ್ಕೆ ಬ್ರಿಟನ್ನಿನ ದಿಗ್ಬಂಧನವಿದ್ದುದರಿಂದ ಅಮೆರಿಕದ ಸರಕೂ ಸಾಲವೂ ಬಹುಪಾಲು ಮಿತ್ರರಾಷ್ಟ್ರಗಳ ಕಡೆಗೇ ಹರಿಯುತ್ತಿದ್ದವು.

ನಿಜವಾದ ತಿರುವನ್ನು ನಾನು ಕಾಣುವುದು 1917ರ ಜನವರಿ 9ರಂದು, ಪ್ಲೆಸ್ ಎಂಬಲ್ಲಿ ಜರ್ಮನ್ ಚಕ್ರವರ್ತಿಯ ಮುಂದೆ ನಡೆದ ಸಭೆಯಲ್ಲಿ. ತಿಂಗಳಿಗೆ 6 ಲಕ್ಷ ಟನ್ನಿನಂತೆ ಹಡಗುಗಳನ್ನು ಮುಳುಗಿಸಿದರೆ ಐದು ತಿಂಗಳಲ್ಲಿ ಬ್ರಿಟನ್ ಮಣಿಯುತ್ತದೆ ಎಂಬುದು ನೌಕಾಪಡೆಯ ಮುಖ್ಯಸ್ಥ ಹೋಲ್ಟ್ಸೆನ್‌ಡಾರ್ಫರ ಲೆಕ್ಕಾಚಾರ. ಅಮೆರಿಕ ಕೆರಳುವುದೆಂದು ಅಲ್ಲಿದ್ದವರಿಗೆ ತಿಳಿಯದೆ ಇರಲಿಲ್ಲ. ಅದರ ಸೇನೆ ಯುರೋಪನ್ನು ತಲುಪುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆಂದು ಅವರು ಪಣ ಕಟ್ಟಿದರು. ಫೆಬ್ರವರಿ 1ರಿಂದ ಜಲಾಂತರ್ಗಾಮಿಗಳಿಗೆ ಯಾವ ಕಟ್ಟುಪಾಡೂ ಉಳಿಯಲಿಲ್ಲ. ಎರಡೇ ದಿನಗಳಲ್ಲಿ ವಿಲ್ಸನ್ ಸಂಬಂಧ ಕಡಿದುಕೊಂಡರು, ಆದರೆ ಯುದ್ಧ ಸಾರಲಿಲ್ಲ.

ಈ ನಡುವೆ ಜರ್ಮನಿಯ ವಿದೇಶಾಂಗ ಕಾರ್ಯದರ್ಶಿ ಝಿಮ್ಮರ್‌ಮನ್ನರ ತಂತಿ ಬಯಲಾಯಿತು. ಅಮೆರಿಕ ಯುದ್ಧಕ್ಕೆ ಬಂದರೆ ಮೆಕ್ಸಿಕೊ ನಮ್ಮ ಜೊತೆ ಸೇರಲಿ, ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಗಳನ್ನು ಮರಳಿ ಪಡೆಯಲಿ ಎಂಬುದು ಅದರ ಸಾರ. ಶಾಂತಿ ಮಾತುಕತೆಗೆಂದು ಅಮೆರಿಕವೇ ಜರ್ಮನಿಗೆ ಬಳಸಲು ಬಿಟ್ಟಿದ್ದ ತಂತಿಮಾರ್ಗದಲ್ಲೇ ಅದು ಹೋಗಿತ್ತು! ಬ್ರಿಟಿಷರು ಅದನ್ನು ಬಿಡಿಸಿ ಓದಿ ಅಮೆರಿಕಕ್ಕೆ ಒಪ್ಪಿಸಿದರು. ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಪ್ರಕಟವಾದಾಗ ನಕಲಿಯೆಂದು ಹಲವರು ಶಂಕಿಸಿದರಾದರೂ, ಎರಡು ದಿನಗಳ ತರುವಾಯ ಝಿಮ್ಮರ್‌ಮನ್ನರೇ ಒಪ್ಪಿಕೊಂಡುಬಿಟ್ಟರು. ಅದೇ ತಿಂಗಳು ಅಮೆರಿಕದ ಧ್ವಜ ಹಾರಿಸಿದ ಹಡಗುಗಳೇ ಒಂದರ ಹಿಂದೊಂದು ಮುಳುಗಿದವು. ಏಪ್ರಿಲ್ 2ರಂದು ವಿಲ್ಸನ್ ಕಾಂಗ್ರೆಸ್ಸಿನ ಮುಂದೆ ನಿಂತು ಯುದ್ಧ ಘೋಷಣೆ ಕೋರಿದರು. ಸೆನೆಟ್ 82–6ರಿಂದ, ಪ್ರತಿನಿಧಿಗಳ ಸಭೆ 373–50ರಿಂದ ಅದನ್ನು ಅಂಗೀಕರಿಸಿದವು.