ಉಡುಪಿಯಿಂದ ನಾರ್ಕಂಡಾಕ್ಕೆ: ಮರ ನೋಡುತ್ತಾ ಬೆಟ್ಟ ಹತ್ತಿದ್ದು

ಮಲ್ಪೆ ಕಡಲತೀರದ ಗಾಳಿ ಮರವನ್ನೇ ಪೈನ್ ಅಂದುಕೊಂಡು ಬೆಳೆದವನು ನಾನು. ಸೂಜಿಯಂಥ ಎಲೆ, ಪುಟ್ಟ ಕಾಯಿ, ಗಾಳಿ ಬಂದರೆ ಸುಯ್ ಅನ್ನುವ ಸದ್ದು. ಆದರೆ ಅದು ಹೂ ಬಿಡುವ ಜಾತಿ, ಪೈನ್‌ಗೂ ಅದಕ್ಕೂ ನಂಟಿಲ್ಲ. ನಿಜವಾದ ಪೈನ್, ದೇವದಾರು ಕಾಡು ನೋಡೋಣ ಅಂತ ಕಳೆದ ವರ್ಷ ಅಕ್ಟೋಬರ್‌ನಲ್ಲಿ ಅಮ್ಮನನ್ನೂ ಕರೆದುಕೊಂಡು ಹಿಮಾಚಲಕ್ಕೆ ಹೋಗಿದ್ದೆವು.

ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದರೆ ದೆಹಲಿ. ಅಲ್ಲಿಂದ ಕಾಲ್ಕಾ. ಮುಂದೆ ಟ್ಯಾಕ್ಸಿ ಹಿಡಿಯಬೇಡಿ, 1903ರಲ್ಲಿ ಶುರುವಾದ ಪುಟಾಣಿ ರೈಲಿನಲ್ಲೇ ಶಿಮ್ಲಾಕ್ಕೆ ಹೋಗಿ. ಸೀಟು ಮೊದಲೇ ಬುಕ್ ಮಾಡಿಕೊಳ್ಳಿ. 96 ಕಿಲೋಮೀಟರ್‌ಗೆ ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಮರ ನೋಡುವವರಿಗೆ ಆ ನಿಧಾನವೇ ಬೇಕು. ಕಾಲ್ಕಾ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಶಿಮ್ಲಾ 2,200ರಲ್ಲಿ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚು. ಮರಗಳು ಬದಲಾಗುವುದು ಮುಖ್ಯವಾಗಿ ಈ ಲೆಕ್ಕದಲ್ಲೇ.

ಧರಂಪುರ, ಬರೋಗ್ ಸುತ್ತಮುತ್ತ ಎಲ್ಲೆಲ್ಲೂ ಚೀಡ್ ಪೈನ್. ಬಿಸಿಲು, ಒಣ ಮಣ್ಣು ಎರಡನ್ನೂ ತಾಳುವ ಮರ. ಕಾಡು ತೆಳ್ಳಗೆ, ನೆಲದ ತುಂಬ ಒಣ ಸೂಜಿ. ಬೇಸಿಗೆಯಲ್ಲಿ ಇದಕ್ಕೇ ಬೆಂಕಿ ಬೀಳುವುದು. ಅದಕ್ಕೇ ಮೇ ತಿಂಗಳು ಬೇಡ ಅಂತ ನನ್ನ ಸಲಹೆ, ಜನಜಂಗುಳಿಯೂ ಆಗ ಜಾಸ್ತಿ. ಶಿಮ್ಲಾ ಹತ್ತಿರವಾದಂತೆ ಚೀಡ್ ಮಾಯ, ದೇವದಾರು ಶುರು. ನಿಲ್ದಾಣದಲ್ಲಿ ಇಳಿದಾಗ ಅಮ್ಮ ಶಾಲು ಹೊದ್ದುಕೊಂಡದ್ದೂ, ಮರ ಬದಲಾದದ್ದೂ ಒಟ್ಟಿಗೇ!

ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ಗೊಂಚಲು ಕಿತ್ತು ಸೂಜಿ ಎಣಿಸಿ. ಮೂರಿದ್ದರೆ ಚೀಡ್, ಐದಿದ್ದರೆ ಕೈಲ್ ಪೈನ್. ಒಂಟಿ ಸೂಜಿ, ಬೆರಳಿಗೆ ಚುಚ್ಚಿದರೆ ಸ್ಪ್ರೂಸ್. ಚಪ್ಪಟೆಯಾಗಿದ್ದು ಚುಚ್ಚದಿದ್ದರೆ ಫರ್. ಸ್ಪ್ರೂಸ್‌ನ ಕಾಯಿ ಕೆಳಗೆ ಜೋತಾಡುತ್ತದೆ, ಫರ್‌ನದ್ದು ಕೊಂಬೆ ಮೇಲೆ ನೆಟ್ಟಗೆ ನಿಂತಿರುತ್ತದೆ.

ಕೊನೆಯ ಎರಡನ್ನು ನೋಡಬೇಕಾದರೆ ಶಿಮ್ಲಾದಲ್ಲೇ ಉಳಿಯಬೇಡಿ. ಅರವತ್ತು ಕಿಲೋಮೀಟರ್ ಮುಂದೆ, ಸುಮಾರು 2,700 ಮೀಟರ್ ಎತ್ತರದಲ್ಲಿ ನಾರ್ಕಂಡಾ ಇದೆ. ಅಲ್ಲಿಂದ 3,400 ಮೀಟರ್‌ನ ಹಾಟು ಶಿಖರಕ್ಕೆ ಕಿರಿದಾದ ರಸ್ತೆ. ಹತ್ತುವಾಗ ಇಕ್ಕೆಲದಲ್ಲೂ ಬಾಣದಂತೆ ನೆಟ್ಟಗಿನ ಮರಗಳು. ಕೊಂಬೆಗಳು ಕೆಳಕ್ಕೆ ಬಾಗಿರುತ್ತವೆ, ನಮ್ಮ ಹಂಚಿನ ಮಾಡಿನಿಂದ ಮಳೆನೀರು ಇಳಿದ ಹಾಗೆ ಹಿಮ ಜಾರಿ ಬೀಳಲಿ ಅಂತ. ತುದಿಗೆ ಹೋದಂತೆ ಗಾಳಿಗೆ ಮೈಯೊಡ್ಡಿದ ಮರಗಳು ಗಿಡ್ಡ. ಕೆಲವಕ್ಕೆ ಒಂದೇ ಬದಿಯಲ್ಲಿ ಕೊಂಬೆ, ಇನ್ನೊಂದು ಬದಿ ಬೋಳು. ಅಲ್ಲಿ ಬೆಚ್ಚಗಿನ ದಿನಗಳೇ ಕಮ್ಮಿ. ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯುವ ಮರ ಅದು, ಕಾಂಡದ ಉಂಗುರಗಳೂ ಒತ್ತೊತ್ತಾಗಿರುತ್ತವೆ. ನೆಲ ಹೆಪ್ಪುಗಟ್ಟಿದರೆ ಬೇರಿಗೆ ನೀರು ಸಿಗುವುದಿಲ್ಲ, ಆಗ ಮೇಣ ಸವರಿದಂಥ ಆ ಸೂಜಿ ಎಲೆಯೇ ಇರುವ ನೀರನ್ನು ಉಳಿಸುವುದು. ಒಂದು ಸಣಕಲು ಮರ ತೋರಿಸಿ ನಮ್ಮ ಡ್ರೈವರ್ "ಮಾತಾಜಿ, ವಯಸ್ಸಲ್ಲಿ ಇದು ನನಗಿಂತ ದೊಡ್ಡದು" ಅಂದ. ಅಮ್ಮ ನಂಬಲಿಲ್ಲ. ನಾನು ನಂಬಿದೆ.

ಇನ್ನೊಂದು ಗಮನಿಸಿ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಕಾಡು ದಟ್ಟ, ದಕ್ಷಿಣದ ಬಿಸಿಲು ಬದಿಯಲ್ಲಿ ಹೆಚ್ಚಾಗಿ ಹುಲ್ಲು. ಎತ್ತರ ಅಷ್ಟೇ ಇದ್ದರೂ ತೇವ ಉಳಿಯುವುದು ನೆರಳಿನ ಬದಿಯಲ್ಲಿ.

ನಮ್ಮಂಥ ಕರಾವಳಿಯವರಿಗೆ ಹಾಟುವಿನಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು. ಹಿಂದಿನ ರಾತ್ರಿ ನಾರ್ಕಂಡಾದಲ್ಲೇ ತಂಗಿ. ಚಪ್ಪಲಿ ಬೇಡವೇ ಬೇಡ, ಉದುರಿದ ಸೂಜಿಯ ಮೇಲೆ ಕಾಲು ಪಾಚಿಗಿಂತ ಚೆನ್ನಾಗಿ ಜಾರುತ್ತದೆ. ನಾನು ಎರಡು ಸಲ ಬಿದ್ದೆ. ಡಿಸೆಂಬರ್ ನಂತರ ಹಿಮ ಬಿದ್ದರೆ ಆ ರಸ್ತೆಯೇ ಬಂದ್.

ಗಿಡ ಮಾತ್ರ ತರಬೇಡಿ. ಅಮ್ಮನ ಹಟಕ್ಕೆ ನರ್ಸರಿಯೊಂದರಿಂದ ದೇವದಾರು ಸಸಿ ತಂದಿದ್ದೆವು. ಏಪ್ರಿಲ್ ಸೆಕೆಗೆ ಹಳದಿಯಾಯಿತು, ಮೇ ಮುಗಿಯುವಷ್ಟರಲ್ಲಿ ಒಣ ಕಡ್ಡಿ. ಈಗ ಆ ಕುಂಡದಲ್ಲಿ ಶಂಕರಪುರ ಮಲ್ಲಿಗೆ ಇದೆ. ಬರೋಗ್‌ನಲ್ಲಿ ಬಿದ್ದಿದ್ದ ಒಂದು ಚೀಡ್ ಕಾಯಿ ಮಾತ್ರ ಟಿವಿ ಪಕ್ಕದಲ್ಲಿ ಚೆನ್ನಾಗಿದೆ. ಜೂನ್‌ನಲ್ಲಿ ಮಳೆ ಹಿಡಿದಾಗ ತೇವಕ್ಕೆ ಅದರ ಬಿರಿದ ಪದರಗಳು ಮುಚ್ಚಿಕೊಂಡವು. ಅಮ್ಮ ಈಗ ಬಟ್ಟೆ ಒಣಹಾಕುವ ಮೊದಲು ಅದನ್ನು ನೋಡುತ್ತಾರೆ.