ಒಂದು ಟಾರ್ಪಾಲಿಗೆ ನಾಲ್ಕೇ ಜನ

ವಿಶ್ವಸಂಸ್ಥೆ, ರೆಡ್ ಕ್ರಾಸ್‌ನವರು ನಿರಾಶ್ರಿತರಿಗೆ ಹಂಚುವ ಟಾರ್ಪಾಲಿನ ಮಾಮೂಲಿ ಅಳತೆ 4 ಮೀಟರ್ ಅಗಲ, 6 ಮೀಟರ್ ಉದ್ದ. ತಲೆಗೆ ಕನಿಷ್ಠ 3.5 ಚದರ ಮೀಟರ್ ಜಾಗ ಬೇಕು ಎನ್ನುವುದು ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡ. ಈ ಎರಡು ಲೆಕ್ಕ ಒಂದಕ್ಕೊಂದು ಎಲ್ಲಿ ತಪ್ಪುತ್ತವೆ ಎಂದು ನೋಡಿದರೆ, ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿರುವ, ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾಗಳ ಶಿಬಿರಗಳಲ್ಲಿ ಮಾಡು ಯಾಕೆ ಸೋರುತ್ತದೆ ಎನ್ನುವುದು ಅರ್ಧ ತಿಳಿದಂತೆ.

ಮನೆ 3 ಮೀಟರ್ ಅಗಲ, 5 ಮೀಟರ್ ಉದ್ದ ಇರಲಿ. ಮಾಡಿಗೆ 30 ಡಿಗ್ರಿ ಇಳಿಜಾರು ಕೊಟ್ಟರೆ ನೆತ್ತಿ ಗೋಡೆಗಿಂತ 87 ಸೆಂ.ಮೀ. ಎತ್ತರ ನಿಲ್ಲುತ್ತದೆ, ಎರಡು ಕಡೆಯ ಇಳಿಜಾರು ಸೇರಿ 3.46 ಮೀಟರ್ ಆಗುತ್ತದೆ. ಉಳಿದ 54 ಸೆಂ.ಮೀ. ಎರಡು ಕಡೆಯ ಸೂರಿಗೆ ಹೋಯಿತು. ಟಾರ್ಪಾಲು ಸರಿಯಾಗಿ ಸಾಕಾಯಿತು, ಆದರೆ ಮನೆ 15 ಚದರ ಮೀಟರ್, ಅಂದರೆ ನಾಲ್ಕು ಜನಕ್ಕೆ. ಐದನೆಯವರಿಗಾಗಿ ಅಗಲವನ್ನು 3.5 ಮೀಟರ್ ಮಾಡಿ, ಸೂರೂ 25 ಸೆಂ.ಮೀ. ಇರಲಿ ಎಂದಿರೋ, ಟಾರ್ಪಾಲು ಪೂರ್ತಿ ಚಪ್ಪಟೆ! ಜನ ಅಲ್ಲಿಗೂ ಇಲ್ಲಿಗೂ ಹೊಂದಿಸಿ ಸ್ವಲ್ಪ ಇಳಿಜಾರು ಉಳಿಸಿಕೊಳ್ಳುತ್ತಾರೆ. ಮೊದಲ ಜೋರು ಮಳೆಗೆ ಅದು ಹೊಟ್ಟೆ ಬಿಡುತ್ತದೆ. ಒಂದು ಚದರ ಮೀಟರಿನಲ್ಲಿ ಹತ್ತು ಸೆಂ.ಮೀ. ನೀರು ನಿಂತರೆ ಅದೇ ಒಂದು ಕ್ವಿಂಟಲ್ ಭಾರ. ಹಸಿ ಬಿದಿರಿನ ರೀಪು ಎಷ್ಟು ಹೊತ್ತು ತಡೆದೀತು?

ಐದು ಜನರ ಮನೆಗೆ ಎರಡು ಟಾರ್ಪಾಲು ಬೇಕು, ಅದೂ ಅಡ್ಡಡ್ಡ ಹಾಸಬೇಕು. 6 ಮೀಟರಿನ ಉದ್ದ ಒಂದು ಸೂರಿನಿಂದ ನೆತ್ತಿ ಹತ್ತಿ ಇನ್ನೊಂದು ಸೂರಿಗೆ ಇಳಿಯಲಿ. ಎರಡೂ ಸೇರುವ ಕಡೆ ಅರ್ಧ ಮೀಟರ್ ಒಂದರ ಮೇಲೊಂದು ಬರಲಿ, ಆ ಜೋಡಣೆ ಪಕ್ಕಾಸಿನ ಮೇಲೆಯೇ ಕೂರಲಿ. ನೆತ್ತಿಯಲ್ಲಿ ಜೋಡಣೆಯೂ ಬೇಡ, ಮೊಳೆಯೂ ಬೇಡ. ಅಂಚಿನಲ್ಲಿ ಮೊಳೆ ಹೊಡೆಯಲೇಬೇಕಾದರೆ ಸೈಕಲ್ ಟ್ಯೂಬಿನ ತುಂಡನ್ನೋ ಬಿದಿರ ಸೀಳನ್ನೋ ನಡುವೆ ಇಡಿ. ಬರೀ ಮೊಳೆಯಾದರೆ ಗಾಳಿಗೆ ಅಲ್ಲಿಂದಲೇ ಹರಿಯಲು ಶುರು.

ಟಾರ್ಪಾಲು ಹೋದರೆ ಹೊಸದು ಹಾಕಬಹುದು. ನಿಜವಾದ ಫಜೀತಿ ಬಿದಿರಿನದು. 2017ರ ಆಗಸ್ಟ್ ಕೊನೆಯಿಂದ ಕೆಲವೇ ತಿಂಗಳಲ್ಲಿ ಮ್ಯಾನ್ಮಾರಿನ ರಖೈನ್‌ನಿಂದ 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕಾಕ್ಸ್ ಬಜಾರಿನ ಉಖಿಯಾ, ಟೆಕ್ನಾಫ್ ಕಡೆ ಬಂದರು. ಕಂಬಕ್ಕೆ ದಪ್ಪನೆಯ ‘ಬೋರಾಕ್’, ರೀಪಿಗೂ ತಡಿಕೆಗೂ ತೆಳ್ಳನೆಯ ‘ಮುಲಿ’ ಬಿದಿರು ಲಾರಿಗಟ್ಟಲೆ ಬಂತು. ಬಲಿತದ್ದು, ಎಳೆಯದು ಎಂದು ಆರಿಸುವ ಪುರುಸೊತ್ತು ಯಾರಿಗಿತ್ತು? ನಮ್ಮ ಮಲೆನಾಡಿನಲ್ಲಿ ಅಮಾವಾಸ್ಯೆ ಹತ್ತಿರ ಕಡಿದ ಬಿದಿರಿಗೆ ಕುಟ್ಟೆ ಹಿಡಿಯುವುದಿಲ್ಲ ಎನ್ನುತ್ತಾರೆ. ಚಂದ್ರನ ಮಾತು ಹಾಗಿರಲಿ, ಮೂರು ವರ್ಷ ದಾಟಿದ ಗಳವನ್ನು ಮಳೆಗಾಲ ಕಳೆದ ಮೇಲೆ ಕಡಿದರೆ ಪಿಷ್ಟ ಕಡಿಮೆ ಇರುತ್ತದೆ, ಹುಳುವಿಗೆ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಎಳೆ ಬಿದಿರಿಗೆ ಕುಟ್ಟೆ ಹತ್ತಿತೆಂದರೆ ಕಂಬದ ಬುಡದಲ್ಲಿ ಹಳದಿ ಪುಡಿ ಗುಡ್ಡೆ ಬೀಳುತ್ತದೆ. ವರ್ಷದೊಳಗೆ ಗಳ ಟೊಳ್ಳು.

ಇದಕ್ಕೆ ಮದ್ದು ಬೊರಾಕ್ಸ್ ಮತ್ತು ಬೋರಿಕ್ ಆಸಿಡ್. ನೂರು ಲೀಟರ್ ನೀರಿಗೆ ತಲಾ 4 ಕಿಲೋ ಹಾಕಿ ಪೂರ್ತಿ ಕರಗಿಸಬೇಕು, ಬಿಸಿನೀರಾದರೆ ಬೇಗ ಕರಗುತ್ತದೆ. ಉದ್ದನೆಯ ಸರಳಿನಿಂದ ಒಳಗಿನ ಗೆಣ್ಣುಗಳನ್ನು ಒಂದೂ ಬಿಡದೆ ಚುಚ್ಚಿಕೊಂಡು ಗಳವನ್ನು ತೊಟ್ಟಿಯಲ್ಲಿ ಮುಳುಗಿಸಿ, ಕಲ್ಲು ಹೇರಿ, ಕನಿಷ್ಠ ಒಂದು ವಾರ ಬಿಡಬೇಕು. ಹೊರಸಿಪ್ಪೆ ನೀರು ಕುಡಿಯುವುದಿಲ್ಲ, ಹಾಗಾಗಿ ಚುಚ್ಚದೆ ಬಿಟ್ಟ ಗೆಣ್ಣಿನ ಒಳಗೆ ಮದ್ದೂ ಸರಿಯಾಗಿ ಇಳಿಯುವುದಿಲ್ಲ. ಆಮೇಲೆ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ.

ಇಷ್ಟೆಲ್ಲ ಮಾಡಿ ಅದೇ ಗಳವನ್ನು ಗುಂಡಿ ತೋಡಿ ಮಣ್ಣಿನಲ್ಲಿ ಹೂತರೆ ಮಾಡಿದ್ದೆಲ್ಲ ದಂಡ. ಈ ಬೋರಾನ್ ಮದ್ದು ನೀರಿನಲ್ಲಿ ಕರಗುವಂಥದ್ದು, ಒದ್ದೆ ಮಣ್ಣಿಗೆ ಸಿಕ್ಕರೆ ತೊಳೆದು ಹೋಗುತ್ತದೆ. ಆಮೇಲೆ ಗೆದ್ದಲು ಬರುತ್ತದೆ, ಬುಡ ಕೊಳೆಯುತ್ತದೆ. ಹೂಳಬೇಕಾದ್ದು ಕಾಂಕ್ರೀಟಿನ ಮೋಟುಗಂಬ, 60 ಸೆಂ.ಮೀ. ಆಳಕ್ಕೆ. ಅದರ ಮೇಲೆ ಕಬ್ಬಿಣದ ಪಟ್ಟಿಯಿಂದ ಬಿದಿರನ್ನು ಹಿಡಿಸಿದರೆ ಗಳದ ತುದಿ ನೆಲದಿಂದ ಒಂದು ಗೇಣು ಮೇಲೆ ಉಳಿಯುತ್ತದೆ. ಕಾಸು ಕಡಿಮೆ ಇದ್ದರೆ ಟಾರ್ಪಾಲಿನ ಗುಣಮಟ್ಟದಲ್ಲೋ ತಡಿಕೆಯಲ್ಲೋ ಕೈ ಬಿಗಿ ಹಿಡಿಯಿರಿ, ಈ ಬುಡದಲ್ಲಿ ಮಾತ್ರ ಬೇಡ. ಆದರೆ ಬಾಂಗ್ಲಾ ಸರ್ಕಾರ ಇವರು ವಾಪಸು ಹೋಗುವವರು ಎನ್ನುತ್ತ ಮೊದಲಿನಿಂದಲೂ ಕಾಯಂ ಸಾಮಗ್ರಿಗೆ ಹಿಂಜರಿಯುತ್ತಲೇ ಬಂದಿದೆ. ‘ತಾತ್ಕಾಲಿಕ’ದ ಹೆಸರಿನಲ್ಲಿ ಅದದೇ ಬಿದಿರನ್ನು ಮತ್ತೆ ಮತ್ತೆ ಕೊಳ್ಳುವುದೇ ದುಬಾರಿ ಎಂದು ನನ್ನ ಅಭಿಪ್ರಾಯ.

ಇನ್ನು ಕಟ್ಟು. ಹಸಿ ಬಿದಿರು ಒಣಗುತ್ತ ಸೊರಗುತ್ತದೆ, ಬಿಗಿಯಾಗಿ ಕಟ್ಟಿದ ಹಗ್ಗ ಹದಿನೈದು ದಿನಕ್ಕೆ ಸಡಿಲ. ಮತ್ತೊಮ್ಮೆ ಬಂದು ಬಿಗಿಯುವ ಕೆಲಸವನ್ನು ಯೋಜನೆಯಲ್ಲೇ ಬರೆದುಕೊಳ್ಳಬೇಕು, ಬರೆಯದಿದ್ದರೆ ಯಾರೂ ಬರುವುದಿಲ್ಲ. ಜೋಡಣೆ ಗೆಣ್ಣಿನ ಪಕ್ಕದಲ್ಲೇ ಇರಲಿ, ನಡುವೆ ತೂತು ಕೊರೆದರೆ ಗಳ ಉದ್ದಕ್ಕೂ ಬಿರಿಯುತ್ತದೆ. ನಾಲ್ಕೂ ಮೂಲೆಗೆ ಓರೆ ಗಳ ಕೊಡದ ಮನೆ ಗಾಳಿಗೆ ಇಡಿಯಾಗಿ ವಾಲುತ್ತದೆ. ಮಾಡಿನ ಮೇಲಿಂದ ಹಗ್ಗ ಎಳೆದು ಗೂಟಕ್ಕೆ ಕಟ್ಟುವ ಕೆಲಸ ಏಪ್ರಿಲ್‌ಗೆ ಮೊದಲು ಒಮ್ಮೆ, ಅಕ್ಟೋಬರ್‌ಗೆ ಮೊದಲು ಇನ್ನೊಮ್ಮೆ ಆಗಬೇಕು, ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ವರ್ಷಕ್ಕೆ ಎರಡು ಋತು. 2023ರ ಮೇ 14ರಂದು ಮೋಖಾ ಚಂಡಮಾರುತ ದಡ ಮುಟ್ಟಿದ್ದು ಮ್ಯಾನ್ಮಾರಿನ ಸಿಟ್ವೆ ಬಳಿ. ಹೆಚ್ಚಿನ ಹೊಡೆತ ರಖೈನ್‌ನಲ್ಲೇ ಉಳಿದಿದ್ದ ರೋಹಿಂಗ್ಯಾಗಳ ಶಿಬಿರಗಳಿಗೆ ಬಿತ್ತು.

ಶಿಬಿರಗಳು ಗುಡ್ಡದ ಮೇಲಿವೆ. ಅಲ್ಲಿನ ಮಣ್ಣು ಮರಳುಮಿಶ್ರಿತ, ಮರ ಕಡಿದ ಮೇಲೆ ನಿಲ್ಲುವುದಿಲ್ಲ. ಕಡಿದ ದರೆಗೆ ಲಾವಂಚ ನೆಡುತ್ತಾರೆ. ಒಳ್ಳೆಯದೇ, ಆದರೆ ಬೇರು ಇಳಿಯಲು ಒಂದು ಮಳೆಗಾಲವಾದರೂ ಬೇಕು. ಅಲ್ಲಿಯವರೆಗೆ ಮೇಲಿನ ಮನೆಯ ಸೂರಿನ ನೀರು ಕೆಳಮನೆಯ ಹಿಂಗೋಡೆಗೆ ಬೀಳದಂತೆ ಚರಂಡಿ ತಿರುಗಿಸಬೇಕು.

ಬೆಂಕಿಯ ವಿಷಯದಲ್ಲಿ ಬಿದಿರು, ಪ್ಲಾಸ್ಟಿಕ್ಕಿಗೆ ಮದ್ದಿಲ್ಲ, ಇರುವುದು ಅಂತರ ಮಾತ್ರ. ಮನೆಮನೆಯ ನಡುವೆ ಕನಿಷ್ಠ 2 ಮೀಟರ್, ಪ್ರತಿ 300 ಮೀಟರಿಗೆ 30 ಮೀಟರ್ ಖಾಲಿ ಪಟ್ಟಿ ಇರಬೇಕು ಎನ್ನುತ್ತದೆ ಸ್ಫಿಯರ್. ಕುಟುಪಾಲಾಂಗ್ ಶಿಬಿರದಂಥ ಕಡೆ ಎರಡು ಸೂರು ಒಂದಕ್ಕೊಂದು ತಾಗುತ್ತವೆ. 2021ರ ಮಾರ್ಚ್ 22ರಂದು ಬಾಲುಖಾಲಿ ಶಿಬಿರದ ಕಡೆ ಹತ್ತಿದ ಬೆಂಕಿಗೆ ಸುಮಾರು 45,000 ಜನ ಮನೆ ಕಳೆದುಕೊಂಡರು, ಮುಳ್ಳುತಂತಿ ಬೇಲಿ ಓಡಿಹೋಗುವವರಿಗೇ ಅಡ್ಡವಾಯಿತು. ಸುಟ್ಟ ಜಾಗದಲ್ಲಿ ಮತ್ತೆ ಕಟ್ಟುವಾಗ ಕೆಲವು ಮನೆಗಳನ್ನು ಬೇರೆಡೆಗೆ ಸಾಗಿಸಿ ದಾರಿ ಬಿಡಿಸಬೇಕು. ಅದನ್ನು ಮೊದಲ ವಾರದಲ್ಲೇ ಗುರುತು ಹಾಕಿ ಮಾಡಬೇಕು, ಗೂಟ ನೆಟ್ಟಾದ ಮೇಲೆ ಯಾರನ್ನೂ ಕದಲಿಸಲಾಗುವುದಿಲ್ಲ.